ಓದದೆ ಸಹಿ ಹಾಕಿದ ನಿರ್ದೇಶಕನ ಮಾತು

ಕಳೆದ ತಿಂಗಳು ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ. "ಡೈರೆಕ್ಟರ್ ಎಂದರೆ ಯಾರು?" ಹಿಂದಿನ ಬೆಂಚಿನಿಂದ ಥಟ್ಟನೆ ಉತ್ತರ ಬಂತು: "ಸಿನಿಮಾ ಮಾಡುವವರು ಸರ್." ಇನ್ನೊಬ್ಬ ಎದ್ದು, "ನಮ್ಮ ಅಜ್ಜ ಹಾಲಿನ ಸೊಸೈಟಿಯ ಡೈರೆಕ್ಟರ್" ಎಂದ. ಮೂರನೆಯವಳು ಸ್ವಲ್ಪ ಯೋಚಿಸಿ, "ಕಂಪನಿಯ ಮಾಲೀಕರು" ಎಂದಳು. ಮೊದಲ ಉತ್ತರಕ್ಕೆ ತರಗತಿ ನಕ್ಕಿತು. ನನಗೆ ಮಾತ್ರ ಮೂರನೆಯ ಉತ್ತರ ಹೆಚ್ಚು ಅಪಾಯಕಾರಿ ಅನ್ನಿಸಿತು. ಏಕೆಂದರೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಳಿದುಕೊಂಡಿದ್ದೆ, ಮತ್ತು ಅದಕ್ಕೆ ಬೆಲೆಯನ್ನೂ ತೆತ್ತಿದ್ದೇನೆ.

ಈಗ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ "ಬೋರ್ಡ್ ಡೈರೆಕ್ಟರ್ ಆಗಿ" ಎಂಬ ಮಾತು ಕೇಳಿಬರುತ್ತಿದೆ. ಗೌರವದ ಹುದ್ದೆ, ವರ್ಷಕ್ಕೆ ಕೆಲವೇ ಸಭೆ, ಒಂದು ಸಭೆಗೆ ಒಂದು ಲಕ್ಷ ರೂಪಾಯಿ ಭತ್ಯೆ ಎಂದು ಆಸೆ ಹುಟ್ಟಿಸುತ್ತಾರೆ. ನಮ್ಮ ಮಕ್ಕಳು ಆ ಕುರ್ಚಿಯ ಕನಸು ಕಾಣಲಿ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕುರ್ಚಿ ಏನೆಂದು ತಿಳಿದು ಕಾಣಲಿ ಎಂಬುದು ನನ್ನ ಅಭಿಪ್ರಾಯ. ನಿರ್ದೇಶಕ ಎನ್ನುವುದು ಬಿರುದಲ್ಲ, ಬೇರೆಯವರ ಹಣಕ್ಕೆ ಕಾವಲು ಕೂರುವ ಕೆಲಸ. ಆ ಕೆಲಸಕ್ಕೆ ಬೇಕಾದ ಮೊದಲ ಯೋಗ್ಯತೆ ಓದಿ ಸಹಿ ಹಾಕುವುದು, ತಿಳಿಯದಿದ್ದರೆ ಕೇಳುವುದು.

ನನ್ನ ಕಥೆ ಹೀಗಿದೆ. 2012ರಲ್ಲಿ ಗೆಳೆಯನೊಬ್ಬ ಇಂಟರ್‌ಲಾಕ್ ತಯಾರಿಸುವ ಪ್ರೈವೇಟ್ ಲಿಮಿಟೆಡ್ ಕಂಪನಿ ಶುರುಮಾಡಿದ. ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. "ನೀನು ಹೆಸರಿಗೆ ಮಾತ್ರ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ" ಎಂದ. ಅವನು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಒಂದು ಪುಟವನ್ನೂ ಓದಲಿಲ್ಲ. ಅದೇ ವರ್ಷ ಪ್ರಥಮ ಪಿಯುಸಿಗೆ ಕಂಪನಿ ರಚನೆಯ ಪಾಠವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ವಿಸಿಟಿಂಗ್ ಕಾರ್ಡ್ ಮಾತ್ರ ಮಾಡಿಸಿದ್ದೆ. ಮದುವೆ ಮನೆಗಳಲ್ಲಿ ಯಾರಾದರೂ "ಡೈರೆಕ್ಟರ್ ಸಾಹೇಬರು" ಎಂದರೆ ಒಳಗೊಳಗೇ ಖುಷಿಯಾಗುತ್ತಿತ್ತು.

ಕಂಪನಿ ಒಂದು ವರ್ಷ ನಡೆಯಿತು. ಗೆಳೆಯ ಗಲ್ಫ್‌ಗೆ ಹೋದ. ನಿರ್ದೇಶಕ ಮಂಡಳಿಯ ಸಭೆ ಎಂಬುದು ಒಮ್ಮೆಯೂ ನಡೆಯಲಿಲ್ಲ. ಕಂಪನಿ ನಿಂತುಹೋಯಿತು ಎಂದು ನಾನು ಮರೆತುಬಿಟ್ಟೆ. ಆದರೆ ಅಂಗಡಿಯ ಬಾಗಿಲು ಹಾಕಿದಷ್ಟಕ್ಕೆ ಕಂಪನಿ ಸಾಯುವುದಿಲ್ಲ. ಅದು ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಬ್ಬ ವ್ಯಕ್ತಿ ಎಂದು ಪಾಠ ಮಾಡಿದವನು ನಾನೇ. ವಹಿವಾಟು ಇರಲಿ ಇಲ್ಲದಿರಲಿ, ಅದರ ಹಣಕಾಸು ಪಟ್ಟಿಯನ್ನೂ ವಾರ್ಷಿಕ ವರದಿಯನ್ನೂ ಪ್ರತಿ ವರ್ಷ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. 2013ರ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಸತತ ಮೂರು ವರ್ಷ ಸಲ್ಲಿಸದಿದ್ದರೆ ಆ ಕಂಪನಿಯ ನಿರ್ದೇಶಕರು ಐದು ವರ್ಷ ಯಾವ ಕಂಪನಿಗೂ ಹೊಸದಾಗಿ ನಿರ್ದೇಶಕರಾಗುವಂತಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಇದೇ ಕಾರಣಕ್ಕೆ ದೇಶದಾದ್ಯಂತ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹರೆಂದು ಘೋಷಿಸಿತು. ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ರಿಜಿಸ್ಟರಿನಿಂದ ಅಳಿಸಿತು. ಆ ಮೂರು ಲಕ್ಷದಲ್ಲಿ ನಾನೂ ಒಬ್ಬ.

ಅದು ನನಗೆ ಗೊತ್ತಾದದ್ದು ಎರಡು ವರ್ಷ ತಡವಾಗಿ. ನನ್ನ ತಂಗಿ ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರುತ್ತಿದ್ದಳು. ಬೇಡಿಕೆ ಹೆಚ್ಚಿ 2019ರಲ್ಲಿ ಅದನ್ನು ಕಂಪನಿ ಮಾಡಲು ಹೊರಟಳು. ಎರಡನೆಯ ನಿರ್ದೇಶಕನಾಗಿ ಅಣ್ಣನಿರುವಾಗ ಇನ್ಯಾರು? ಲೆಕ್ಕಪರಿಶೋಧಕರ ಕಚೇರಿಯಲ್ಲಿ ನನ್ನ ನಿರ್ದೇಶಕ ಗುರುತಿನ ಸಂಖ್ಯೆ ಹಾಕಿ ನೋಡಿದ ಹುಡುಗ ತಲೆ ಎತ್ತಿ, "ಸರ್, ನೀವು ಅನರ್ಹರ ಪಟ್ಟಿಯಲ್ಲಿದ್ದೀರಿ" ಎಂದ. ಅವನು ನನ್ನ ಹಳೆಯ ವಿದ್ಯಾರ್ಥಿ. ತಂಗಿ ಏನೂ ಹೇಳಲಿಲ್ಲ. ಅವಳು ಬೈದಿದ್ದರೆ ಸುಲಭವಾಗುತ್ತಿತ್ತು.

ಗೆಳೆಯನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ನನ್ನದು. "ಹೆಸರಿಗೆ ಮಾತ್ರ ನಿರ್ದೇಶಕ" ಎಂಬ ಪ್ರಾಣಿ ನಮ್ಮ ಕಾನೂನಿನಲ್ಲಿ ಇಲ್ಲ. ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಸದ್ಭಾವನೆಯಿಂದ ನಡೆದುಕೊಳ್ಳಬೇಕು. ಕಂಪನಿಯ ಹಿತದ ಜೊತೆಗೆ ನೌಕರರ, ಷೇರುದಾರರ, ಸಮುದಾಯದ ಮತ್ತು ಪರಿಸರದ ಹಿತವನ್ನೂ ನೋಡಬೇಕು. ಎಚ್ಚರಿಕೆಯಿಂದ, ಸ್ವತಂತ್ರ ಬುದ್ಧಿಯಿಂದ ತೀರ್ಮಾನಿಸಬೇಕು. ತನ್ನ ಸ್ವಂತ ಹಿತ ಅಡ್ಡ ಬರುವ ಕಡೆ ಹೋಗಬಾರದು. ತನ್ನ ಸ್ಥಾನವನ್ನು ಬೇರೆಯವರಿಗೆ ವಹಿಸಿಕೊಡುವಂತಿಲ್ಲ. ಈ ಕೊನೆಯ ಮಾತನ್ನು ಗಮನಿಸಿ. "ನೀನೇ ನೋಡಿಕೋ" ಎಂದು ಗೆಳೆಯನಿಗೆ ಬಿಟ್ಟುಕೊಟ್ಟ ನನ್ನ ಜಾಣತನಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಪದವಿದೆ, ಅಮಾನತ್. ಯಾರೋ ನಂಬಿ ನಮ್ಮ ಕೈಗೆ ಕೊಟ್ಟದ್ದು. ನೆರೆಮನೆಯವರು ಊರಿಗೆ ಹೋಗುವಾಗ ಒಡವೆಯ ಡಬ್ಬಿ ಕೊಟ್ಟು ಹೋದರೆ, ಅದನ್ನು ಹೇಗೆ ಜೋಪಾನ ಮಾಡಬೇಕು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಪನಿಯ ಹಣವೂ ಹಾಗೆಯೇ. ಡಬ್ಬಿ ದೊಡ್ಡದು, ನೆರೆಯವರು ಸಾವಿರಾರು ಜನ, ಅವರ ಮುಖ ನಮಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಓದದೆ ಸಹಿ ಹಾಕುವುದು ನನ್ನಂಥ ಸಣ್ಣವರ ತಪ್ಪು ಎಂದು ತಿಳಿಯಬೇಡಿ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಥೆಯನ್ನು ವಾಣಿಜ್ಯ ವಿದ್ಯಾರ್ಥಿಗಳು ಒಮ್ಮೆಯಾದರೂ ಪೂರ್ತಿ ಓದಬೇಕು. 2008ರ ಡಿಸೆಂಬರ್ 16ರಂದು ಆ ಕಂಪನಿಯ ನಿರ್ದೇಶಕ ಮಂಡಳಿ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿಗೆ ಕೊಟ್ಟಿತು. ಆ ಎರಡೂ ಅಧ್ಯಕ್ಷರ ಕುಟುಂಬಕ್ಕೆ ಸೇರಿದ ಕಂಪನಿಗಳು. ಇಂಗ್ಲಿಷಿನಲ್ಲಿ ಸತ್ಯಂ ಎಂಬ ಅಕ್ಷರಗಳನ್ನು ಹಿಂದಿನಿಂದ ಬರೆದು ನೋಡಿ, ಮೇಟಾಸ್ ಆಗುತ್ತದೆ. ಸಾಫ್ಟ್‌ವೇರ್ ಕಂಪನಿಗೆ ಕಟ್ಟಡ ಮತ್ತು ರಸ್ತೆಯ ವ್ಯವಹಾರ ಏಕೆ, ಅದೂ ಅಧ್ಯಕ್ಷರ ಮನೆಯವರದ್ದೇ ಏಕೆ ಎಂಬ ಪ್ರಶ್ನೆ ನಮ್ಮ ಯಾವ ವಿದ್ಯಾರ್ಥಿಗೂ ಹೊಳೆಯುತ್ತದೆ. ಆ ಮಂಡಳಿಯಲ್ಲಿ ಜಗತ್ಪ್ರಸಿದ್ಧ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿದ್ದರು, ಹೆಸರಾಂತ ಬಿಸಿನೆಸ್ ಸ್ಕೂಲಿನ ಮುಖ್ಯಸ್ಥರಿದ್ದರು. ಆದರೂ ಪ್ರಸ್ತಾವ ಪಾಸಾಯಿತು. ತಡೆದವರು ಹೂಡಿಕೆದಾರರು. ಅವರ ಸಿಟ್ಟಿಗೆ ಹೆದರಿ ಕಂಪನಿ ಮರುದಿನದೊಳಗೆ ಹಿಂದೆ ಸರಿಯಿತು.

ಮೂರು ವಾರದ ನಂತರ, 2009ರ ಜನವರಿ 7ರಂದು, ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಹಣದಲ್ಲಿ ಸುಮಾರು 5,000 ಕೋಟಿ ರೂಪಾಯಿ ಇರಲೇ ಇಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ ಈ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು ಹೊಸ ನಿರ್ದೇಶಕರನ್ನು ನೇಮಿಸಿತು. ಅವರು ಕೆಲವೇ ತಿಂಗಳಲ್ಲಿ ಕಂಪನಿಯನ್ನು ಟೆಕ್ ಮಹೀಂದ್ರಾಕ್ಕೆ ಒಪ್ಪಿಸಿ ಸಾವಿರಾರು ನೌಕರರ ಕೆಲಸ ಉಳಿಸಿದರು. ಕಂಪನಿ ಅದೇ, ಕಟ್ಟಡ ಅದೇ, ಮೇಜು ಅದೇ. ಮೇಜಿನ ಸುತ್ತ ಕೂತವರು ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂಬುದರಿಂದ ಎಷ್ಟು ಜನರ ಅನ್ನ ನಿರ್ಧಾರವಾಗುತ್ತದೆ ನೋಡಿ.

ಈಗ ನಮ್ಮ ಮನೆಯ ಮೇಜಿಗೆ ಬರುತ್ತೇನೆ. ನಾನು ಅನರ್ಹನಾದ ಮೇಲೆ ತಂಗಿಯ ಕಂಪನಿಗೆ ಎರಡನೆಯ ನಿರ್ದೇಶಕಿಯಾದವರು ನಮ್ಮ ಉಮ್ಮ. ಓದಿದ್ದು ಏಳನೇ ತರಗತಿ. ನಿರ್ದೇಶಕರಿಗೆ ಇಂತಿಷ್ಟು ಓದಿರಬೇಕು ಎಂದು ಕಂಪನಿ ಕಾಯ್ದೆ ಹೇಳುವುದಿಲ್ಲ. ಆದರೆ ಉಮ್ಮ ಸುಮ್ಮನೆ ಸಹಿ ಹಾಕಲಿಲ್ಲ. "ಏನು ಬರೆದಿದೆ ಓದು" ಎಂದರು. ತಂಗಿ ಒಂದೊಂದು ಪುಟವನ್ನೂ ಬ್ಯಾರಿ ಭಾಷೆಯಲ್ಲಿ ಬಿಡಿಸಿ ಹೇಳಬೇಕಾಯಿತು. ಎರಡು ಸಂಜೆ ಹಿಡಿಯಿತು. ನಡುನಡುವೆ ಉಮ್ಮ ಕೇಳಿದ್ದು ಮೂರು ಪ್ರಶ್ನೆ. ಈ ದುಡ್ಡು ಯಾರದು? ಮುಳುಗಿದರೆ ಯಾರು ಉತ್ತರ ಕೊಡಬೇಕು? ವರ್ಷದ ಕೊನೆಗೆ ಯಾರಿಗೆ ಲೆಕ್ಕ ಒಪ್ಪಿಸಬೇಕು? ವಾಣಿಜ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು ಏಳು ವರ್ಷದ ಹಿಂದೆ ಕೇಳದೆ ಬಿಟ್ಟ ಪ್ರಶ್ನೆಗಳು ಅವೇ.

ಮುಂದಿನ ವರ್ಷ ಒಂದು ಸಭೆಯಲ್ಲಿ ತಂಗಿ, ಸಾಗಾಟಕ್ಕೆ ಗಂಡನ ವ್ಯಾನನ್ನೇ ಕಂಪನಿಗೆ ಬಾಡಿಗೆ ಹಿಡಿಯೋಣ ಎಂದಳು. ಉಮ್ಮ, "ಬೇರೆಯವರ ವ್ಯಾನಿಗೆ ಎಷ್ಟು ಬಾಡಿಗೆ ಎಂದು ವಿಚಾರಿಸಿದ್ದೀಯಾ? ವಿಚಾರಿಸಿ ಬಾ, ಆಮೇಲೆ ಮಾತಾಡೋಣ" ಎಂದರು. ತಂಗಿಗೆ ಸಿಟ್ಟು ಬಂತು, ಎರಡು ದಿನ ಮಾತು ಬಿಟ್ಟಳು. ಕೊನೆಗೆ ವಿಚಾರಿಸಿದಾಗ ಹೊರಗಿನ ಬಾಡಿಗೆ ಕಡಿಮೆ ಇತ್ತು. ಇದನ್ನೇ ಕಾನೂನು ಸಂಬಂಧಿತರ ಜೊತೆಗಿನ ವ್ಯವಹಾರ ಎಂದು ಕರೆದು, ಅದನ್ನು ಮಂಡಳಿಯ ಮುಂದೆ ತೆರೆದಿಡಬೇಕು ಎನ್ನುತ್ತದೆ. ಸತ್ಯಂನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೂ ಇದೇ ಜಾತಿಯದು. ಅಲ್ಲಿ 160 ಕೋಟಿ ಡಾಲರ್, ಇಲ್ಲಿ ಒಂದು ವ್ಯಾನ್.

"ಸರ್, ಇದೆಲ್ಲ ಸರಿ. ನಾವು ನಿರ್ದೇಶಕರಾಗುವುದು ಹೇಗೆ?" ಎಂದು ನೀವು ಕೇಳಬಹುದು. ನೇರವಾಗಿ ಹೇಳುತ್ತೇನೆ. ನಿಮ್ಮದೇ ಅಥವಾ ಮನೆಯವರ ಕಂಪನಿಯನ್ನು ಬಿಟ್ಟರೆ ಇದು ಮೊದಲ ಕೆಲಸವಲ್ಲ. ಪದವಿ ಮುಗಿಸಿದ ಇಪ್ಪತ್ತೆರಡರ ಹುಡುಗನನ್ನು ಯಾವ ದೊಡ್ಡ ಕಂಪನಿಯೂ ಮಂಡಳಿಗೆ ಕರೆಯುವುದಿಲ್ಲ. ಒಂದು ವಿದ್ಯೆಯಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದು ಹೆಸರು ಗಳಿಸಿದವರಿಗೆ ಆ ಕರೆ ಬರುತ್ತದೆ. ಸಭೆಯ ಭತ್ಯೆ ಒಂದು ಲಕ್ಷ ಎಂಬುದು ಕಾನೂನು ಹಾಕಿರುವ ಗರಿಷ್ಠ ಮಿತಿ, ಎಲ್ಲರೂ ಕೊಡುವ ಸಂಬಳವಲ್ಲ. ಎಷ್ಟೋ ಸಣ್ಣ ಕಂಪನಿಗಳಲ್ಲಿ ಚಹಾ ಬಿಸ್ಕತ್ತು ಮಾತ್ರ.

ದಾರಿಗಳು ಹಲವು ಇವೆ. ಪಿಯುಸಿ ಆದ ಕೂಡಲೇ ಸಿಎ ಫೌಂಡೇಶನ್ ಬರೆಯಬಹುದು. ಕಂಪನಿ ಸೆಕ್ರೆಟರಿ ಕೋರ್ಸಿನ ಪ್ರವೇಶ ಪರೀಕ್ಷೆ ಬರೆಯಬಹುದು. ಈ ಎರಡನೆಯದರ ಬಗ್ಗೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಕಡಿಮೆ. ಕಂಪನಿ ಸೆಕ್ರೆಟರಿ ಮಂಡಳಿಯ ಸಭೆಗೆ ಸೂಚನೆ ಕಳಿಸುತ್ತಾರೆ, ಸಭೆಯಲ್ಲಿ ಕೂರುತ್ತಾರೆ, ನಡಾವಳಿ ಬರೆಯುತ್ತಾರೆ. ಮಂಡಳಿ ಹೇಗೆ ಯೋಚಿಸುತ್ತದೆ ಎಂದು ಒಳಗಿನಿಂದ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಾನೂನು ಓದಿದವರು, ಬ್ಯಾಂಕಿನಲ್ಲಿ ದುಡಿದವರು, ಎಂಜಿನಿಯರುಗಳು, ವೈದ್ಯರು ಕೂಡ ಮಂಡಳಿಗಳಿಗೆ ಬರುತ್ತಾರೆ. ಆದ್ದರಿಂದ ವಿಜ್ಞಾನದ ಮಕ್ಕಳು ಇದು ನಮಗಲ್ಲ ಎಂದು ಪುಟ ತಿರುಗಿಸಬೇಕಿಲ್ಲ.

ಕಂಪನಿಯ ಮಾಲೀಕರ ಜೊತೆ ಹಣದ ಸಂಬಂಧವಿಲ್ಲದೆ, ಹೊರಗಿನಿಂದ ಬಂದು ಕೂರುವವರು ಸ್ವತಂತ್ರ ನಿರ್ದೇಶಕರು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಅವರಿರಬೇಕು. ಅವಧಿ ಐದು ವರ್ಷದವರೆಗೆ, ಸತತವಾಗಿ ಹೆಚ್ಚೆಂದರೆ ಎರಡು ಅವಧಿ. ಇಂಥವರಾಗಲು ಬಯಸುವವರ ಹೆಸರುಗಳ ಒಂದು ಭಂಡಾರವನ್ನು 2019ರಿಂದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಪೊರೇಟ್ ಅಫೇರ್ಸ್ ನಡೆಸುತ್ತಿದೆ. ಅದರಲ್ಲಿ ಹೆಸರು ನೋಂದಾಯಿಸಬೇಕು. ವಿನಾಯಿತಿ ಇರುವ ಅನುಭವಿಗಳನ್ನು ಬಿಟ್ಟು ಉಳಿದವರು ಎರಡು ವರ್ಷದೊಳಗೆ ಆನ್‌ಲೈನ್ ಪರೀಕ್ಷೆಯಲ್ಲಿ ಶೇಕಡ 50 ಅಂಕ ಪಡೆಯಬೇಕು. ಪರೀಕ್ಷೆ ಪಾಸಾದರೆ ಕುರ್ಚಿ ಸಿಕ್ಕಿತು ಎಂದಲ್ಲ. ಅದು ಬಾಗಿಲ ಮುಂದಿನ ಚಾವಡಿ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಷೇರುಪೇಟೆಯ ಕಂಪನಿಗಳಲ್ಲಿ ಮತ್ತು ನಿಗದಿತ ಗಾತ್ರಕ್ಕಿಂತ ದೊಡ್ಡ ಇತರ ಸಾರ್ವಜನಿಕ ಕಂಪನಿಗಳಲ್ಲಿ ಒಬ್ಬ ಮಹಿಳಾ ನಿರ್ದೇಶಕಿಯಾದರೂ ಇರಲೇಬೇಕು ಎಂದು 2013ರ ಕಾಯ್ದೆ ಹೇಳಿತು. ಆಗ ಅನೇಕ ಕಂಪನಿಗಳು ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕೈ ತೊಳೆದುಕೊಂಡವು. ಅದಕ್ಕಾಗಿಯೇ ಸೆಬಿ ನಿಯಮ ಬಿಗಿ ಮಾಡಿತು. ಮೊದಲ 500 ದೊಡ್ಡ ಕಂಪನಿಗಳಲ್ಲಿ 2019ರಿಂದ, ಮೊದಲ 1000 ಕಂಪನಿಗಳಲ್ಲಿ 2020ರಿಂದ ಮಹಿಳಾ ಸ್ವತಂತ್ರ ನಿರ್ದೇಶಕಿ ಕಡ್ಡಾಯ. ಬಾಗಿಲು ತೆರೆದಿದೆ. ಹೆಸರಿಗೆ ಮಾತ್ರ ಕೂರಿಸಲ್ಪಡುವವರಾಗಬೇಡಿ. ಉಮ್ಮನ ಹಾಗೆ "ಓದು, ಕೇಳುತ್ತೇನೆ" ಎನ್ನುವವರಾಗಿ.

ಇದು ದೊಡ್ಡ ಮನೆಯವರ ಆಟ, ಪರಿಚಯವಿದ್ದವರಿಗೆ ಮಾತ್ರ ಎಂಬ ಆಕ್ಷೇಪ ನನ್ನ ಸಹೋದ್ಯೋಗಿಗಳಿಂದಲೇ ಬಂದಿದೆ. ಅದರಲ್ಲಿ ಸತ್ಯವಿದೆ. ಪರಿಚಯ ಈ ಲೋಕದಲ್ಲಿ ಬಹಳ ನಡೆಯುತ್ತದೆ, ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸಲಾರೆ. ಆದರೆ ನಮ್ಮ ಕರಾವಳಿಯ ಚರಿತ್ರೆ ಬೇರೆ ಮಾತನ್ನೂ ಹೇಳುತ್ತದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು 5,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕ್ ಕಟ್ಟಿದರು. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ದೇಶವಿಡೀ ಹರಡಿತು. 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ನೂರು ವರ್ಷಕ್ಕೂ ಮೀರಿ ಬಾಳಿತು. ಆ ದಿನಗಳಲ್ಲಿ ಬ್ಯಾಂಕಿನಲ್ಲಿ ಹಣ ಇಡುವುದೆಂದರೆ ಅದರ ಮುಂದಾಳುಗಳನ್ನು ನಂಬುವುದು ಎಂದೇ ಅರ್ಥ. ಆ ನಂಬಿಕೆಯನ್ನು ಯಾರ ಪರಿಚಯದಿಂದಲೂ ತರಲಾಗುವುದಿಲ್ಲ. ಲೆಕ್ಕ ಸರಿಯಿಟ್ಟು, ವರ್ಷಗಟ್ಟಲೆ ಗಳಿಸಬೇಕು.

ಆ ಗಳಿಕೆಯನ್ನು ನಲವತ್ತೈದನೇ ವಯಸ್ಸಿನಲ್ಲಿ ಆರಂಭಿಸಲಾಗದು. ಇಲ್ಲಿಂದಲೇ ಆರಂಭಿಸಬೇಕು. ಹೋದ ವರ್ಷದ ವಾರ್ಷಿಕೋತ್ಸವಕ್ಕೆ ನೀವೆಲ್ಲ ಹಣ ಕೊಟ್ಟಿರಿ. ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿದೆ ಎಂದು ನಿಮ್ಮಲ್ಲಿ ಎಷ್ಟು ಜನ ಕೇಳಿದಿರಿ? ಲೆಕ್ಕ ಇತ್ತು, ನಾನೇ ನೋಡಿದ್ದೇನೆ, ಸರಿಯಾಗಿಯೇ ಇತ್ತು. ಆದರೆ ನೋಟಿಸ್ ಬೋರ್ಡಿಗೆ ಅದು ಬರಲಿಲ್ಲ, ಬರಲಿಲ್ಲವೇಕೆ ಎಂದು ಕೇಳಿದವರೂ ಇಲ್ಲ. ಉಪನ್ಯಾಸಕರಾದ ನಾವೂ ಕೇಳಲಿಲ್ಲ. ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂಬ ಸಂಕೋಚ. ಈ ಸಂಕೋಚವೇ ಮುಂದೆ ದೊಡ್ಡ ಮೇಜುಗಳ ಸುತ್ತ ಕೂತು 5,000 ಕೋಟಿಯ ಸುಳ್ಳಿಗೆ ತಲೆಯಾಡಿಸುತ್ತದೆ. ಲೆಕ್ಕ ಕೇಳುವುದು ಅವಮಾನವಲ್ಲ. ಪ್ರಾಮಾಣಿಕನಿಗೆ ಅದು ಉಪಕಾರ, ಏಕೆಂದರೆ ಅವನು ಪ್ರಾಮಾಣಿಕನೆಂದು ನಾಲ್ಕು ಜನರಿಗೆ ತಿಳಿಯುವುದು ಆಗಲೇ.

ಆದ್ದರಿಂದ ವಾಣಿಜ್ಯ ಸಂಘದ ಮುಂದೆ ಎರಡು ಪ್ರಸ್ತಾವ ಇಡುತ್ತೇನೆ. ಒಂದು, ತಿಂಗಳಿಗೊಮ್ಮೆ ಒಂದು ಕಂಪನಿಯ ವಾರ್ಷಿಕ ವರದಿಯನ್ನು ಒಟ್ಟಿಗೆ ಕೂತು ಓದೋಣ. ದೊಡ್ಡ ಕಂಪನಿಗಳ ವರದಿ ಉಚಿತವಾಗಿ ಸಿಗುತ್ತದೆ. ದ್ವಿತೀಯ ಪಿಯುಸಿಯಲ್ಲಿ ನೀವು ಕಲಿಯುವ ಅನುಪಾತಗಳು, ನಗದು ಹರಿವಿನ ಪಟ್ಟಿ ಇವೆಲ್ಲ ಅಲ್ಲಿ ಜೀವಂತವಾಗಿವೆ. ಮೊದಲು ಲೆಕ್ಕಪರಿಶೋಧಕರ ವರದಿ, ನಂತರ ಸಂಬಂಧಿತರ ವ್ಯವಹಾರದ ಟಿಪ್ಪಣಿ, ಕೊನೆಗೆ ಬಣ್ಣದ ಚಿತ್ರಗಳಿರುವ ಮೊದಲ ಪುಟಗಳು. ಲಾಭ ಬೆಳೆಯುತ್ತಿದ್ದು ನಗದು ಬೆಳೆಯದಿದ್ದರೆ ಏಕೆ ಎಂದು ಕೇಳೋಣ. ಎರಡು, ಈ ವರ್ಷದ ವಾರ್ಷಿಕೋತ್ಸವ ಸಮಿತಿಯನ್ನು ಕಂಪನಿಯ ಮಂಡಳಿಯ ಹಾಗೆ ನಡೆಸೋಣ. ಏಳು ದಿನ ಮೊದಲೇ ಸಭೆಯ ಸೂಚನೆ, ಸಭೆಯ ನಡಾವಳಿ, ಹಬ್ಬ ಮುಗಿದ ಹದಿನೈದು ದಿನದಲ್ಲಿ ನೋಟಿಸ್ ಬೋರ್ಡಿನಲ್ಲಿ ಲೆಕ್ಕ. ಯಾರಿಗಾದರೂ ಒಪ್ಪಿಗೆ ಇಲ್ಲದಿದ್ದರೆ ಆ ಅಸಮ್ಮತಿಯನ್ನೂ ಹೆಸರು ಸಹಿತ ನಡಾವಳಿಯಲ್ಲಿ ಬರೆಯೋಣ. ನಿಜವಾದ ನಿರ್ದೇಶಕನಿಗೆ ಕಷ್ಟಕಾಲದಲ್ಲಿ ರಕ್ಷಣೆ ಕೊಡುವುದು ಆ ಒಂದು ಸಾಲು. ಎಲ್ಲರೂ ತಲೆಯಾಡಿಸಿದಾಗ ತಾನು ಕೇಳಿದ್ದೆ ಎಂಬುದಕ್ಕೆ ಇರುವ ಸಾಕ್ಷಿ ಅದೇ.

ನನ್ನ ಅನರ್ಹತೆಯ ಐದು ವರ್ಷ ಈಗ ಮುಗಿದಿದೆ. ತಂಗಿ ಮೊನ್ನೆ, "ಈಗ ನೀನೂ ಮಂಡಳಿಗೆ ಬರಬಹುದಲ್ಲ" ಎಂದಳು. ನಾನು ಉತ್ತರ ಕೊಡುವ ಮೊದಲೇ ಉಮ್ಮ ಒಳಗಿನಿಂದ ಕೇಳಿದರು, "ಈ ಸಲ ಓದಿ ಸಹಿ ಹಾಕುತ್ತಾನಂತಾ ಕೇಳು."

ಕಾಗದಗಳನ್ನು ಮನೆಗೆ ತಂದಿದ್ದೇನೆ. ನಲವತ್ತೊಂದು ಪುಟ ಇದೆ. ಓದುತ್ತಿದ್ದೇನೆ.